ತಪ್ಪನ್ನು ಹೇಳುವವರೂ ಕೇಳುವವರೂ

ಮನೆಯ ಮಕ್ಕಳಲ್ಲೊಬ್ಬರು ವೈದ್ಯಕೀಯ ಕಾಲೇಜಿಗೆ ಸೇರಿದರೆಂದರೆ ಆ ಸಂತೋಷವು ಒಂದು ಮನೆಗೆ ಮಾತ್ರ ಸೀಮಿತವಾಗಿರುವುದಿಲ್ಲ. ಬಸದಿಯಲ್ಲಿ ಪೂಜೆ ಮಾಡಿಸುತ್ತಾರೆ. ಸಮಾಜದ ಸಭೆಯಲ್ಲಿ ಶಾಲು ಹೊದಿಸಿ ಸನ್ಮಾನಿಸುತ್ತಾರೆ. ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಒಂದೆಂದು ಬಗೆದ ಪರಂಪರೆಯಲ್ಲಿ ಇದು ಸಹಜವೇ ಆಗಿದೆ. ಒಂದು ತಲೆಮಾರಿನ ಹಿಂದೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳ ಹುಡುಗರು ವೈದ್ಯರಾಗಬೇಕಾದರೆ ಹೊರಗಿನ ಊರುಗಳಿಗೇ ಹೋಗಬೇಕಾಗಿತ್ತು. ಇಂದು ಜಿಲ್ಲೆಯಲ್ಲಿಯೇ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿ 2023ರ ಮಾರ್ಚ್ ತಿಂಗಳಲ್ಲಿ ಇನ್ನೊಂದು ಕಾಲೇಜು ಉದ್ಘಾಟನೆಗೊಂಡಿದೆ. ಇನ್ನು ಮುಂದೆ ಬಿಳಿಯ ಕೋಟು ತೊಟ್ಟ ಇಪ್ಪತ್ತಮೂರು, ಇಪ್ಪತ್ತನಾಲ್ಕು ವಯಸ್ಸಿನ ಯುವಕ ಯುವತಿಯರನ್ನು ನಾವು ನಮ್ಮ ಬೀದಿಗಳಲ್ಲಿಯೇ ಹೆಚ್ಚು ಹೆಚ್ಚಾಗಿ ಕಾಣಲಿದ್ದೇವೆ.

ಆದರೆ ಇವರನ್ನು ಸನ್ಮಾನಿಸುವ ವೇದಿಕೆಯ ಮೇಲೆ ಯಾರೂ ಎತ್ತದ ಪ್ರಶ್ನೆಯೊಂದಿದೆ. ಈ ಮಕ್ಕಳ ಕೈ ಒಂದಲ್ಲ ಒಂದು ದಿನ ತಪ್ಪುತ್ತದೆ. ಔಷಧದ ಪ್ರಮಾಣ ಹೆಚ್ಚಾಗಬಹುದು, ರೋಗದ ಲಕ್ಷಣವೊಂದು ಕಣ್ತಪ್ಪಬಹುದು, ಒಬ್ಬರ ರಕ್ತದ ವರದಿಯು ಇನ್ನೊಬ್ಬರ ಕೇಸ್ ಷೀಟಿಗೆ ಸೇರಬಹುದು. ಆ ದಿನ ಅವರು ಏನು ಮಾಡಬೇಕು? ಯಾರ ಬಳಿಗೆ ಹೋಗಬೇಕು? ಅದಕ್ಕಿಂತ ಮುಖ್ಯವಾಗಿ, ನಾವು ಏನು ಮಾಡಬೇಕು? ಈ ಪ್ರಶ್ನೆಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಾನು ವೈದ್ಯನಲ್ಲ, ಶಿಡ್ಲಘಟ್ಟ ತಾಲ್ಲೂಕಿನ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತನಾದವನು. ಆದರೂ ಈ ವಿಷಯವು ನನ್ನನ್ನು ಕಾಡಲು ಕಾರಣವಾದದ್ದು ನನ್ನ ತಂಗಿಯ ಮಗನಿಗೆ ಒದಗಿದ ಪ್ರಸಂಗ. ಆತನ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಆಸ್ಪತ್ರೆಯ ಹೆಸರಾಗಲಿ ಊರಾಗಲಿ ಇಲ್ಲಿ ಬೇಕಾಗಿಲ್ಲ.

ಎಂ.ಬಿ.ಬಿ.ಎಸ್. ಪರೀಕ್ಷೆಗಳು ಮುಗಿದ ಮೇಲೆ ಒಂದು ವರ್ಷ ಕಾಲ ಆಸ್ಪತ್ರೆಯ ಎಲ್ಲ ವಿಭಾಗಗಳಲ್ಲಿಯೂ ಸರದಿಯಂತೆ ದುಡಿಯಬೇಕೆಂಬುದು ನಿಯಮ. ಈ ಅವಧಿಯಲ್ಲಿ ಅವರನ್ನು ಹೌಸ್ ಸರ್ಜನ್ ಎಂದು ಕರೆಯುವುದು ವಾಡಿಕೆ. ನನ್ನ ಅಳಿಯನು ವಾರ್ಡಿನಲ್ಲಿ ರಾತ್ರಿ ಪಾಳಿಯಲ್ಲಿದ್ದಾಗ, ಸಕ್ಕರೆ ಕಾಯಿಲೆಯ ಹಿರಿಯ ರೈತರೊಬ್ಬರಿಗೆ 4 ಯೂನಿಟ್ ಇನ್ಸುಲಿನ್ ಕೊಡುವಂತೆ ಚೀಟಿಯಲ್ಲಿ ಬರೆದನು. ಯೂನಿಟ್ ಎಂದು ಪೂರ್ತಿಯಾಗಿ ಬರೆಯದೆ, ರೂಢಿಯಂತೆ ಇಂಗ್ಲಿಷಿನ ‘ಯು’ ಅಕ್ಷರವೊಂದನ್ನೇ ಅಂಕೆಯ ಪಕ್ಕದಲ್ಲಿ ಗೀಚಿದನು. ಅವಸರದ ಬರವಣಿಗೆಯಲ್ಲಿ ಆ ಅಕ್ಷರದ ಬಾಯಿ ಮುಚ್ಚಿಕೊಂಡು ಸೊನ್ನೆಯಂತೆ ಕಂಡಿತು. 4 ಎಂಬುದು 40 ಆಯಿತು. ನಮ್ಮಲ್ಲಿ ಸಾಮಾನ್ಯವಾಗಿ ದೊರೆಯುವ ಸೀಸೆಯ ಇನ್ಸುಲಿನ್ನಿನಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ; ಅದಕ್ಕೆಂದೇ ಮಾಡಿದ ಸಿರಿಂಜು ತುಂಬಿದರೆ ಸರಿಯಾಗಿ ಅಷ್ಟೇ ಆಗುತ್ತದೆ. ಆದ್ದರಿಂದ ಚುಚ್ಚುಮದ್ದು ಕೊಟ್ಟ ಸಿಸ್ಟರಿಗೂ ಅದು ಅಸಂಭವವೆನಿಸಲಿಲ್ಲ. ಆ ರಾತ್ರಿ ಎರಡು ವಾರ್ಡುಗಳಿಗೆ ಆಕೆ ಒಬ್ಬಳೇ ಇದ್ದಳು.

ಬೆಳಗಿನ ಜಾವಕ್ಕೆ ರೋಗಿಯು ಮೈಯೆಲ್ಲ ಬೆವೆತು, ಕರೆದರೂ ಓಗೊಡದ ಸ್ಥಿತಿಗೆ ಬಂದಿದ್ದರು. ರಕ್ತದ ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ಕೂಡಲೇ ರಕ್ತನಾಳದ ಮೂಲಕ ಗ್ಲೂಕೋಸ್ ಕೊಟ್ಟು, ಡ್ರಿಪ್ ಹಾಕಿ, ಗಂಟೆಗಂಟೆಗೂ ಪರೀಕ್ಷಿಸುತ್ತ ಕುಳಿತರು. ಹೊತ್ತೇರುವ ವೇಳೆಗೆ ಅವರು ಕಣ್ಣು ತೆರೆದು ನೀರು ಕೇಳಿದರು. ಬದುಕಿದರು. ಇನ್ನೊಂದೆರಡು ಗಂಟೆ ಯಾರೂ ನೋಡದೆ ಹೋಗಿದ್ದರೆ ಬದುಕುತ್ತಿರಲಿಲ್ಲ.

ಆ ಬಳಿಕ ನಡೆದದ್ದೇ ನಮ್ಮ ವಿಚಾರಕ್ಕೆ ಮುಖ್ಯವಾದದ್ದು. ವಾರ್ಡಿನ ಹಿರಿಯ ಸ್ನಾತಕೋತ್ತರ ವಿದ್ಯಾರ್ಥಿ, ತಾನೇ ಮೂವತ್ತು ಗಂಟೆಗಳಿಂದ ನಿದ್ರೆಯಿಲ್ಲದವನು, “ಸಕ್ಕರೆ ಇಳಿಯಿತು, ಸರಿಪಡಿಸಿದೆವು ಅಂತ ಬರಿ. ಕಾರಣ ಬರೆಯಬೇಡ” ಎಂದನು. ಅದರಲ್ಲಿ ದುಷ್ಟತನವೇನೂ ಇರಲಿಲ್ಲ. ಕಿರಿಯನನ್ನು ಕಾಪಾಡುವ ಪರಿಯೆಂದು ಆತ ಅದನ್ನು ಕಲಿತಿದ್ದನು. ಹುಡುಗನು ತಾಯಿಗೆ ಫೋನು ಮಾಡಿದನು. ನನ್ನ ತಂಗಿ, “ಬದುಕಿದರಲ್ಲ, ಸಾಕು. ಯಾರ ಮುಂದೆಯೂ ಬಾಯಿ ಬಿಡಬೇಡ ಮಗನೆ” ಎಂದಳು. ಆ ತಾಯಿಯನ್ನು ನಾನು ದೂರಲಾರೆ. ನಮ್ಮಲ್ಲಿ ಬಹುಪಾಲು ತಾಯಂದಿರು ಹಾಗೆಯೇ ಹೇಳಿಯಾರು.

ಈ ಮೌನವು ನಮ್ಮ ಊರಿನದು ಮಾತ್ರವಲ್ಲ. 1991ರಲ್ಲಿ ಅಮೆರಿಕದ ವೈದ್ಯ ಆಲ್ಬರ್ಟ್ ವೂ ಮತ್ತು ಸಂಗಡಿಗರು ತರಬೇತಿಯಲ್ಲಿದ್ದ 114 ಮಂದಿ ಕಿರಿಯ ವೈದ್ಯರಿಂದ ಅವರವರ ಅತ್ಯಂತ ಗಂಭೀರ ತಪ್ಪಿನ ವಿವರಗಳನ್ನು ಪಡೆದು ಪ್ರಕಟಿಸಿದರು. ತಮ್ಮ ಮೇಲ್ವಿಚಾರಕ ವೈದ್ಯರೊಡನೆ ಆ ತಪ್ಪನ್ನು ಚರ್ಚಿಸಿದವರು ನೂರಕ್ಕೆ 54ರಷ್ಟು. ರೋಗಿಗೆ ಅಥವಾ ಅವರ ಮನೆಯವರಿಗೆ ತಿಳಿಸಿದವರು ನೂರಕ್ಕೆ 24ರಷ್ಟು ಮಾತ್ರ. ಹೊಣೆಯನ್ನು ಒಪ್ಪಿಕೊಂಡು ಇತರರೊಡನೆ ಚರ್ಚಿಸಿದವರೇ ತಮ್ಮ ಕೆಲಸದ ರೀತಿಯನ್ನು ಹೆಚ್ಚಾಗಿ ತಿದ್ದಿಕೊಂಡರೆಂಬುದು ಆ ಅಧ್ಯಯನದಲ್ಲಿ ಕಂಡ ಇನ್ನೊಂದು ಸಂಗತಿ. ಅದೇ ವೂ ಅವರು 2000ನೆಯ ಇಸವಿಯಲ್ಲಿ, ತಪ್ಪಿನಿಂದ ಮೊದಲು ನೋಯುವವನು ರೋಗಿ, ಅವನ ಬಳಿಕ ‘ಎರಡನೆಯ ಸಂತ್ರಸ್ತ’ನು ತಪ್ಪು ಮಾಡಿದ ವೈದ್ಯನೇ ಎಂಬ ವಿಚಾರವನ್ನು ಮುಂದಿಟ್ಟರು. ನನ್ನ ಅಳಿಯನನ್ನು ಕಂಡಾಗ ಆ ಮಾತಿನ ಅರ್ಥ ನನಗಾಯಿತು. ವಾರಗಟ್ಟಲೆ ಅವನಿಗೆ ನಿದ್ರೆಯಿರಲಿಲ್ಲ. ಒಂದೇ ಚೀಟಿಯನ್ನು ನಾಲ್ಕು ಬಾರಿ ಓದುತ್ತಿದ್ದನು. ವೃತ್ತಿಯನ್ನೇ ಬಿಡುವ ಮಾತನ್ನಾಡಿದನು.

ಇಲ್ಲಿ ನಮ್ಮ ಶಾಸ್ತ್ರಕಾರರು ಮಾಡಿದ ಒಂದು ವಿವೇಚನೆಯನ್ನು ಸ್ಮರಿಸುವುದು ಉಚಿತ. ತತ್ತ್ವಾರ್ಥಸೂತ್ರದ ಪ್ರಕಾರ ಪ್ರಾಣಹಾನಿಯು ಹಿಂಸೆಯೆನಿಸುವುದು ಅದರ ಹಿಂದೆ ಪ್ರಮಾದವಿದ್ದಾಗ. ಈರ್ಯಾಸಮಿತಿಯನ್ನು ಪಾಲಿಸುತ್ತ, ನೆಲವನ್ನು ನೋಡಿ ಹೆಜ್ಜೆಯಿಡುವ ಮುನಿಯ ಕಾಲಡಿಗೆ ಅಕಸ್ಮಾತ್ತಾಗಿ ಜೀವಿಯೊಂದು ಬಂದು ಸತ್ತರೆ ಅವರಿಗೆ ಹಿಂಸೆಯ ದೋಷವಿಲ್ಲ. ನೋಡದೆ ನಡೆಯುವವನಿಗೆ, ಜೀವಿಯು ಸಾಯದಿದ್ದರೂ, ದೋಷವುಂಟು. ಇದನ್ನು ಆಸ್ಪತ್ರೆಗೆ ಅನ್ವಯಿಸಿ ನೋಡಿದರೆ ಎರಡು ಮಾತುಗಳು ಹೊಳೆಯುತ್ತವೆ. ಮೊದಲನೆಯದು, ಫಲವೊಂದನ್ನೇ ನೋಡಿ ವೈದ್ಯನನ್ನು ತೂಗಬಾರದು. ಎಷ್ಟು ಜಾಗರೂಕನಾಗಿದ್ದರೂ ಕೆಲವು ರೋಗಿಗಳು ಕೈಮೀರಿ ಹೋಗುತ್ತಾರೆ. ಎರಡನೆಯದು, “ಬದುಕಿದರಲ್ಲ, ಸಾಕು” ಎಂಬ ಸಮಾಧಾನವು ಸಮಾಧಾನವಲ್ಲ. ರೋಗಿಯು ಉಳಿದದ್ದು ಅದೃಷ್ಟದಿಂದ. ಸೊನ್ನೆಯಂತೆ ಕಾಣುವ ಅಕ್ಷರವು ನಾಳೆಯೂ ಅದೇ ವಾರ್ಡಿನಲ್ಲಿ ಇನ್ನೊಬ್ಬರಿಗಾಗಿ ಕಾದಿರುತ್ತದೆ. ಈ ಅಕ್ಷರದ ಗೊಂದಲವು ಎಷ್ಟು ಪರಿಚಿತವೆಂದರೆ, ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಸಂಸ್ಥೆಯು 2004ರಲ್ಲಿಯೇ ಅದನ್ನು ಬಳಸಕೂಡದ ಸಂಕ್ಷೇಪಗಳ ಪಟ್ಟಿಗೆ ಸೇರಿಸಿತು. ಎಲ್ಲಿಯೋ ಯಾರೋ ತಮ್ಮ ತಪ್ಪುಗಳನ್ನು ಹೇಳಿಕೊಂಡಿದ್ದರಿಂದಲೇ ಆ ಪಟ್ಟಿ ಸಿದ್ಧವಾಯಿತು.

ಪ್ರಮಾದವು ಯಾರದೆಂಬ ಪ್ರಶ್ನೆಯೂ ಅಷ್ಟು ಸರಳವಲ್ಲ. ಕೇಂದ್ರ ಸರ್ಕಾರದ 1992ರ ರೆಸಿಡೆನ್ಸಿ ಯೋಜನೆಯಲ್ಲಿ, ಕಿರಿಯ ವೈದ್ಯರ ಸತತ ಕರ್ತವ್ಯವು ಸಾಮಾನ್ಯವಾಗಿ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದೆಂದು ಹೇಳಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಸ್ನಾತಕೋತ್ತರ ನಿಯಮಗಳಲ್ಲಿ ‘ಸಮಂಜಸ’ವಾದ ದುಡಿಮೆಯ ಅವಧಿ ಮತ್ತು ವಿಶ್ರಾಂತಿ ಇರಬೇಕೆಂದಿದೆ. ವಾರ್ಡುಗಳಲ್ಲಿ ನಡೆಯುವುದೇನೆಂಬುದನ್ನು ಮನೆಯಲ್ಲಿ ಕಿರಿಯ ವೈದ್ಯರಿರುವ ಪ್ರತಿಯೊಬ್ಬರೂ ಬಲ್ಲರು. ನಿದ್ರೆಗೆಟ್ಟವನು ನೋಡಿ ನಡೆಯಲಾರನು. ಅವನನ್ನು ಹಾಗೆ ನಡೆಯಿಸಿದವರಿಗೂ ದೋಷದಲ್ಲಿ ಪಾಲುಂಟು.

ಕೆಲವೊಮ್ಮೆ ತಪ್ಪು ವೈದ್ಯನ ಕೈಯಲ್ಲಿ ಇರುವುದೇ ಇಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ತಾಯಂದಿರು ಒಬ್ಬರ ಹಿಂದೊಬ್ಬರಂತೆ ಅಸ್ವಸ್ಥರಾಗಿ ಮೃತರಾದದ್ದು ನಮ್ಮೆಲ್ಲರ ನೆನಪಿನಲ್ಲಿದೆ. ಇಂತಹ ಸಂದರ್ಭದಲ್ಲಿ ಬೆರಳು ಮೊದಲು ತೋರುವುದು ಶಸ್ತ್ರಚಿಕಿತ್ಸೆ ಮಾಡಿದವರ ಕಡೆಗೆ. ಆದರೆ ಅಲ್ಲಿ ಸಂಶಯವು ತಿರುಗಿದ್ದು ಅವರಿಗೆ ಡ್ರಿಪ್ ಮೂಲಕ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಕಡೆಗೆ. ರಾಜ್ಯ ಸರ್ಕಾರವು ಆ ಸರಬರಾಜನ್ನು ತಡೆಹಿಡಿದು, ಔಷಧ ನಿಯಂತ್ರಣಾಧಿಕಾರಿಯನ್ನು ಅಮಾನತಿನಲ್ಲಿಟ್ಟಿತು. ಸಾವುಗಳನ್ನು ಒಂದೊಂದಾಗಿ ಮುಚ್ಚಿಟ್ಟಿದ್ದರೆ, ಅವುಗಳ ನಡುವಿನ ಸಮಾನ ಅಂಶವು ಬೆಳಕಿಗೆ ಬರುವುದು ಹೇಗೆ? ಈ ಕಾರಣದಿಂದಲೇ 2010ರಿಂದ ದೇಶದಲ್ಲಿ ತಾಯಂದಿರ ಮರಣದ ಪರಿಶೀಲನೆಯ ಕ್ರಮ ಜಾರಿಯಲ್ಲಿದ್ದು, ಜಿಲ್ಲಾಧಿಕಾರಿಗಳ ಮಟ್ಟದವರೆಗೂ ಅದು ನಡೆಯಬೇಕಾಗಿದೆ. ನೆರೆಯ ಕೇರಳದಲ್ಲಿ ಪ್ರಸೂತಿ ತಜ್ಞರ ಸಂಘವೇ 2004ರಿಂದ ಇಂತಹ ಮರಣಗಳ ಗೋಪ್ಯ ವಿಮರ್ಶೆಯನ್ನು ನಡೆಸುತ್ತ ಬಂದಿದೆ. ಅಲ್ಲಿ ತಾಯಿಯ ಹೆಸರಾಗಲಿ ವೈದ್ಯರ ಹೆಸರಾಗಲಿ ಹೊರಬರುವುದಿಲ್ಲ. ಯಾಕೆ ಸತ್ತರೆಂಬುದು ಮಾತ್ರ ಚರ್ಚೆಯಾಗುತ್ತದೆ.

ಆದರೆ ವ್ಯವಸ್ಥೆಯನ್ನು ದೂರುವುದೂ ಒಂದು ಬಗೆಯ ಅಡಗುತಾಣವಾಗಬಹುದು. ಅಕ್ಷರವನ್ನು ಗೀಚಿದ ಕೈ ನನ್ನ ಅಳಿಯನದೇ. ಅದನ್ನು ಅವನು ಹೇಳಿಕೊಳ್ಳಲೇಬೇಕಾಗಿತ್ತು. ಹೇಳಿಕೊಳ್ಳುವ ಬಗೆ ಎಂತಹುದೆಂಬುದನ್ನು ನಮ್ಮ ಆಚಾರ್ಯರು ಬಲು ಸೂಕ್ಷ್ಮವಾಗಿ ವಿಚಾರಿಸಿದ್ದಾರೆ. ಪ್ರಾಯಶ್ಚಿತ್ತದ ಒಂಬತ್ತು ಭೇದಗಳಲ್ಲಿ ಮೊದಲನೆಯದು ಆಲೋಚನೆ. ಕನ್ನಡದ ಬಳಕೆಯಲ್ಲಿ ಈ ಪದಕ್ಕೆ ಯೋಚಿಸುವುದು ಎಂಬ ಅರ್ಥ ನಿಂತುಬಿಟ್ಟಿದ್ದರೂ, ಶಾಸ್ತ್ರದಲ್ಲಿ ಅದು ಗುರುವಿನ ಮುಂದೆ ತನ್ನ ದೋಷವನ್ನು ಮರೆಮಾಚದೆ ನಿವೇದಿಸುವುದು. ಮೂಲಾಚಾರ, ಭಗವತೀ ಆರಾಧನೆಗಳಲ್ಲಿ ಈ ನಿವೇದನೆಗೆ ಅಂಟಬಹುದಾದ ಹತ್ತು ದೋಷಗಳನ್ನು ಎಣಿಸಿದ್ದಾರೆ. ಅವು ಮುನಿಗಳಿಗಾಗಿ ಹೇಳಿದವು. ಆದರೆ ಅಳಿಯನ ಬಾಯಿಂದ ಆಸ್ಪತ್ರೆಯ ಕಥೆಗಳನ್ನು ಕೇಳಿದ ಮೇಲೆ, ಆ ಪಟ್ಟಿಯಲ್ಲಿ ನನಗೆ ವಾರ್ಡಿನ ಮುಖಗಳೇ ಕಾಣತೊಡಗಿದವು.

ಇತರರು ಕಂಡ ತಪ್ಪನ್ನು ಮಾತ್ರ ಹೇಳಿ, ಯಾರೂ ಕಾಣದ್ದನ್ನು ಬಚ್ಚಿಡುವುದು ‘ದೃಷ್ಟ’ ದೋಷ. ಸಿಸ್ಟರ್ ನೋಡಿದ್ದಾಳೆಂದು ತಿಳಿದಾಗ ಮಾತ್ರ ಬಾಯಿ ಬಿಡುವ ಹೌಸ್ ಸರ್ಜನ್ ಇದಕ್ಕೆ ಉದಾಹರಣೆ. ಸಣ್ಣ ತಪ್ಪುಗಳನ್ನು ವಿನಯದಿಂದ ಒಪ್ಪಿಕೊಂಡು ದೊಡ್ಡದನ್ನು ಅಡಗಿಸುವುದು ‘ಸೂಕ್ಷ್ಮ’ ದೋಷ. ಚೀಟಿಗೆ ವೇಳೆ ಹಾಕಲಿಲ್ಲವೆಂದು ಒಪ್ಪಿ, ಪ್ರಮಾಣ ತಪ್ಪಿದ್ದನ್ನು ನುಂಗುವುದು. “ಸಾರ್, ಯಾರಾದರೂ ಹೀಗೆ ಮಾಡಿದ್ದರೆ ಏನು ಮಾಡಬೇಕು?” ಎಂದು ಪರರ ಮೇಲೆ ಹಾಕಿ ಕೇಳುವುದು ‘ಛನ್ನ’ ದೋಷ. ಗದ್ದಲದ ನಡುವೆ, ಗುರುವಿನ ಕಿವಿಗೆ ಬೀಳದಂತೆ ಹೇಳಿ ಮುಗಿಸುವುದು ‘ಶಬ್ದಾಕುಲಿತ’. ಇಪ್ಪತ್ತು ಮಂದಿ ನಿಂತ ಬೆಳಗಿನ ರೌಂಡ್ಸಿನಲ್ಲಿ ಅರ್ಧ ವಾಕ್ಯ ಗೊಣಗಿ ದಾಟಿಬಿಡುವುದು. ತಿಳಿವಳಿಕೆಯಲ್ಲಿ ಬಲಿಯದವನ ಮುಂದೆ ಹೇಳಿಕೊಳ್ಳುವುದು ‘ಅವ್ಯಕ್ತ’. ಅದೇ ದೋಷವುಳ್ಳವನ ಮುಂದೆ ಹೇಳಿಕೊಳ್ಳುವುದು ‘ತತ್ಸೇವಿ’. ಕಿರಿಯ ವೈದ್ಯರಲ್ಲಿ ಅನೇಕರು ತಮ್ಮ ತಪ್ಪನ್ನು ಹೇಳಿಕೊಳ್ಳುವುದು ಹಾಸ್ಟೆಲಿನ ಗೆಳೆಯನ ಮುಂದೆ. ಆತನು, “ನನ್ನಿಂದಲೂ ಹೀಗೇ ಆಗಿತ್ತು, ಬಿಡು” ಎನ್ನುತ್ತಾನೆ. ಆ ಮಾತಿನಿಂದ ಎದೆಯ ಭಾರ ಒಂದಿಷ್ಟು ಇಳಿಯುತ್ತದೆ, ನಿಜ. ಆದರೆ ವಾರ್ಡಿನಲ್ಲಿ ಏನೂ ಬದಲಾಗುವುದಿಲ್ಲ, ರೋಗಿಗೆ ಏನೂ ತಿಳಿಯುವುದಿಲ್ಲ.

ಈ ಹತ್ತು ದೋಷಗಳಲ್ಲಿ ಹೇಳುವವನಷ್ಟೇ ಕೇಳುವವನೂ ಮುಖ್ಯನೆಂಬುದನ್ನು ನಾವು ಗಮನಿಸಬೇಕು. ಆಲೋಚನೆಯನ್ನು ಕೇಳುವ ಆಚಾರ್ಯನು ಕೇಳಿದ್ದನ್ನು ಹೊರಗೆ ಹರಿಯಬಿಡದವನಾಗಿರಬೇಕೆಂದು ಶಾಸ್ತ್ರವು ವಿಧಿಸುತ್ತದೆ. ಅಂತಹವರು ಇಲ್ಲದ ಕಡೆ ಸತ್ಯ ಹೇಳೆಂದು ಕಿರಿಯನನ್ನು ಒತ್ತಾಯಿಸುವುದು ಅನ್ಯಾಯ.

ನನ್ನ ಅಳಿಯನ ಪಾಲಿಗೆ ಅಂತಹ ಒಬ್ಬರಿದ್ದರು. ಎರಡು ದಿನಗಳ ನಂತರ ಅವನು ಘಟಕದ ಮುಖ್ಯಸ್ಥರ ಕೋಣೆಗೆ ಹೋಗಿ, ನಿಂತುಕೊಂಡೇ ಎಲ್ಲವನ್ನೂ ಹೇಳಿದನು. ಅವರು ಬೈಯಲಿಲ್ಲ, ಬೆನ್ನನ್ನೂ ತಟ್ಟಲಿಲ್ಲ. ಕುಳಿತುಕೊಳ್ಳಲು ಹೇಳಿ ಒಂದು ಹಾಳೆ ಕೊಟ್ಟರು. ಯಾರು ಬರೆದರು, ಯಾರು ಓದಿದರು, ಯಾರು ಸಿರಿಂಜು ತುಂಬಿದರು, ಆಗ ಯಾರು ಎಷ್ಟು ಗಂಟೆಯಿಂದ ಕೆಲಸದಲ್ಲಿದ್ದರು ಎಂಬುದನ್ನು ಕ್ರಮವಾಗಿ ಬರೆಯಿಸಿದರು. ಆನಂತರ ಕೇಸ್ ಷೀಟಿನಲ್ಲಿ ಕಾರಣವನ್ನು ಅವನ ಕೈಯಿಂದಲೇ, ಆ ದಿನದ ದಿನಾಂಕ ಹಾಕಿ ಬರೆಯಿಸಿದರು. ಬಳಿಕ ಅವನನ್ನು ಕರೆದುಕೊಂಡು ರೋಗಿಯ ಹಾಸಿಗೆಯ ಬಳಿಗೆ ನಡೆದರು.

ಅಲ್ಲಿ ಕಣ್ಣೀರಿನ ಕ್ಷಮಾಪಣೆಯ ದೃಶ್ಯವೇನೂ ನಡೆಯಲಿಲ್ಲ. ರೋಗಿಯ ಮಗಳು ಸಿಡಿದಳು. “ಓದಿದವರು ಹೀಗಾ ಮಾಡೋದು? ನಮ್ಮಪ್ಪ ಹೋಗಿದ್ದರೆ ಯಾರು ತಂದುಕೊಡ್ತಿದ್ದರು?” ಎಂದಳು. ಅವಳ ಪ್ರಶ್ನೆಗೆ ಉತ್ತರವಿರಲಿಲ್ಲ. ಮುಖ್ಯಸ್ಥರು ಉತ್ತರಿಸಲೂ ಹೋಗಲಿಲ್ಲ. ಮನೆಗೆ ಹೋಗುವ ದಿನದವರೆಗೂ ಅವಳು ಹುಡುಗನ ಕಡೆ ನೋಡಲಿಲ್ಲ. ಆ ಹಿರಿಯರು ಮಾತ್ರ, ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕಿದವರು, ಸ್ವಲ್ಪ ಹೊತ್ತು ಸುಮ್ಮನಿದ್ದು, “ಇನ್ಮೇಲೆ ಸೂಜಿ ಹಾಕೋಕೆ ಮುಂಚೆ ನನಗೂ ಒಂದ್ಸಲ ತೋರಿಸಿ. ಎಷ್ಟು ಗೆರೆ ಅಂತ ಹೇಳಿ, ನಾನೂ ನೋಡ್ತೀನಿ” ಎಂದರು. ಉಳಿದ ದಿನಗಳಲ್ಲಿ ಹಾಗೆಯೇ ನಡೆಯಿತು. ಆ ವಾರ್ಡಿನಲ್ಲಿ ಯೂನಿಟ್ ಎಂಬ ಪದವನ್ನು ಪೂರ್ತಿಯಾಗಿ ಬರೆಯಬೇಕೆಂಬ ಸೂಚನೆಯೂ ಗೋಡೆಗೆ ಬಂದಿತು.

ಹೇಳಿಕೊಂಡರೆ ಕಾನೂನಿನ ತೊಡಕಿಗೆ ಸಿಕ್ಕಬೇಕಾಗುತ್ತದೆಂಬ ಭಯವನ್ನು ಅಲ್ಲಗಳೆಯುವಂತಿಲ್ಲ. 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹಣ ಪಡೆದು ನೀಡುವ ವೈದ್ಯಕೀಯ ಸೇವೆಯನ್ನು ಗ್ರಾಹಕ ರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ತಂದಿತು. ಅದೇ ನ್ಯಾಯಾಲಯವು 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ, ಘೋರ ನಿರ್ಲಕ್ಷ್ಯವಿದ್ದಾಗ ಮಾತ್ರ ವೈದ್ಯನನ್ನು ಅಪರಾಧಿಯೆಂದು ವಿಚಾರಣೆಗೆ ಗುರಿಪಡಿಸಬಹುದು, ಸಾಮಾನ್ಯ ತಪ್ಪೆಣಿಕೆಯು ಅಪರಾಧವಲ್ಲ ಎಂದು ಸ್ಪಷ್ಟಪಡಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಚಿಕಿತ್ಸೆಯ ವೇಳೆ ವೈದ್ಯನ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಎರಡು ವರ್ಷದವರೆಗಿನ ಸೆರೆವಾಸ ಮತ್ತು ದಂಡವಿದೆ. ನೊಂದವರಿಗೆ ನ್ಯಾಯದ ದಾರಿ ತೆರೆದಿರಲೇಬೇಕು. ಆದರೆ ಅನೇಕ ಕಡೆ ಕಿರಿಯ ವೈದ್ಯರು ನ್ಯಾಯಾಲಯಕ್ಕಿಂತ ಹೆಚ್ಚಾಗಿ ಹೆದರುವುದು ವಾರ್ಡಿಗೆ ನುಗ್ಗುವ ಗುಂಪಿಗೆ. ನಮ್ಮ ರಾಜ್ಯವು ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ತಡೆಯಲು 2009ರಲ್ಲಿಯೇ ಪ್ರತ್ಯೇಕ ಕಾಯ್ದೆಯನ್ನು ಮಾಡಬೇಕಾಗಿ ಬಂದಿತೆಂಬುದು ನಾವು ತಲೆತಗ್ಗಿಸಬೇಕಾದ ಸಂಗತಿ. ಕೈಯೆತ್ತಿದ ಗುಂಪಿನ ಮುಂದೆ ಸತ್ಯ ನುಡಿಯುವ ಧೈರ್ಯವನ್ನು ಇಪ್ಪತ್ತಮೂರು ವರ್ಷದ ಹುಡುಗನಿಂದ ನಿರೀಕ್ಷಿಸುವುದು ಹೇಗೆ?

ಆದಕಾರಣ ಸಮಾಜ ಬಂಧುಗಳಲ್ಲಿ ಮೂರು ಬಿನ್ನಹಗಳನ್ನು ಮಾಡಬಯಸುತ್ತೇನೆ. ಮೊದಲನೆಯದು ತಂದೆತಾಯಿಗಳಿಗೆ. ಮಗನೋ ಮಗಳೋ ನಡುರಾತ್ರಿ ಫೋನು ಮಾಡಿ, “ನನ್ನಿಂದ ತಪ್ಪಾಯಿತು” ಎಂದರೆ, ದಯವಿಟ್ಟು “ಯಾರಿಗೂ ಹೇಳಬೇಡ” ಎನ್ನಬೇಡಿ. ಪೂರ್ತಿ ಕೇಳಿಕೊಳ್ಳಿ. ಊಟ ಮಾಡಿದೆಯಾ, ಮಲಗಿದೆಯಾ ಎಂದು ಕೇಳಿ. ಒಬ್ಬಂಟಿಯಾಗಿ ಬಿಡಬೇಡಿ. ಆಮೇಲೆ, ಅಲ್ಲಿ ನೀನು ನಂಬುವ ಹಿರಿಯರು ಯಾರಿದ್ದಾರೆ, ಅವರ ಬಳಿಗೆ ಬೆಳಿಗ್ಗೆಯೇ ಹೋಗು ಎನ್ನಿ. ಬೇಕಾದರೆ ನೀವೂ ಊರು ಬಿಟ್ಟು ಹೊರಟು, ಅವನು ಹೊರಬರುವವರೆಗೆ ಆ ಕೋಣೆಯ ಹೊರಗೆ ಕುಳಿತಿರಿ.

ಎರಡನೆಯದು ಟ್ರಸ್ಟುಗಳಿಗೆ. ನಮ್ಮ ಅನೇಕ ಸಂಸ್ಥೆಗಳು ಉಚಿತ ತಪಾಸಣಾ ಶಿಬಿರಗಳನ್ನೂ ಚಿಕಿತ್ಸಾಲಯಗಳನ್ನೂ ನಡೆಸುತ್ತಿವೆ. ವಾರ್ಷಿಕ ವರದಿಯಲ್ಲಿ ಎಷ್ಟು ಮಂದಿ ಫಲಾನುಭವಿಗಳೆಂಬ ಸಂಖ್ಯೆಯಿರುತ್ತದೆ. ಎಷ್ಟು ಮಂದಿಗೆ ತೊಂದರೆಯಾಯಿತು, ಯಾಕಾಯಿತು ಎಂಬುದಕ್ಕೆ ಒಂದು ಪುಟವನ್ನೂ ಮೀಸಲಿಡುವುದಿಲ್ಲ. ಹೆಸರುಗಳಿಲ್ಲದ ಅಂತಹ ಪುಟವೊಂದನ್ನು ಆರಂಭಿಸಿರಿ. ತೊಂದರೆಯಾದವರ ಮನೆಗೆ ಆಡಳಿತ ಮಂಡಳಿಯವರೇ ಹೋಗಿ ತಿಳಿಸುವ, ಮುಂದಿನ ಚಿಕಿತ್ಸೆಯ ಖರ್ಚನ್ನು ಹೊರುವ ನಿಯಮವನ್ನು ಮಾಡಿಕೊಳ್ಳಿರಿ. ವೈಯಾವೃತ್ಯವೂ ಪ್ರಾಯಶ್ಚಿತ್ತವೂ ಆರು ಅಭ್ಯಂತರ ತಪಸ್ಸುಗಳ ಒಂದೇ ಸಾಲಿನಲ್ಲಿ ಸೇರಿವೆ. ಸೇವೆಗೆ ಮುಂದಾಗುವ ನಾವು ಅದರ ಜೊತೆಯದನ್ನು ಬಿಟ್ಟುಬಿಡುವುದು ಸರಿಯಲ್ಲ.

ಮೂರನೆಯದು ನಮ್ಮೆಲ್ಲರಿಗೆ, ಏಕೆಂದರೆ ನಾವೆಲ್ಲರೂ ಒಂದು ದಿನ ರೋಗಿಗಳೇ. ವೈದ್ಯನೊಬ್ಬನು ತಾನಾಗಿ ಬಂದು ತಪ್ಪನ್ನು ಹೇಳಿದಾಗ ಕೋಪ ಬಂದೇ ಬರುತ್ತದೆ, ಬರಲಿ. ಪರಿಹಾರ ಕೇಳುವ ಹಕ್ಕೂ ನಮಗಿದೆ. ಕ್ಷಮಿಸಲೇಬೇಕೆಂದು ಯಾರೂ ನಮ್ಮನ್ನು ಕಟ್ಟುಪಡಿಸಲಾರರು. ಆದರೆ ಕೈ ಮಾಡದೆ, ಪೂರ್ತಿ ಕೇಳಿಸಿಕೊಂಡು, ಇನ್ನೊಬ್ಬರಿಗೆ ಹೀಗಾಗದಂತೆ ಏನು ಮಾಡುತ್ತೀರಿ ಎಂದು ಕೇಳುವಷ್ಟು ಸಂಯಮವನ್ನು ತೋರೋಣ.

ಪ್ರತಿವರ್ಷವೂ ಕ್ಷಮಾವಣಿಯ ದಿನ ನಾವು ಅಚ್ಚು ಹಾಕಿಸಿದ ಕಾರ್ಡುಗಳನ್ನು ನೂರಾರು ಮಂದಿಗೆ ಕಳುಹಿಸುತ್ತೇವೆ. ಇಂಥದೇ ತಪ್ಪು ಎಂದು ಅದರಲ್ಲಿ ಎಲ್ಲಿಯೂ ಬರೆದಿರುವುದಿಲ್ಲ. ಬರುವ ಕ್ಷಮಾವಣಿಗೆ ಪ್ರತಿಯೊಂದು ಊರಿನ ಸಮಾಜವೂ ತನ್ನ ಕಿರಿಯ ವೈದ್ಯರನ್ನು, ಶುಶ್ರೂಷಕಿಯರನ್ನು ಬಸದಿಗೆ ಕರೆಯಲಿ. ಶಾಲು, ಹಾರ, ಫೋಟೋಗಳು ಆ ದಿನ ಬೇಡ. ನಂಬಿಕೆಗೆ ಪಾತ್ರರಾದ ಹಿರಿಯ ವೈದ್ಯರೊಬ್ಬರು ಅವರೊಡನೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಎರಡು ಗಂಟೆ ಕುಳಿತುಕೊಳ್ಳಲಿ. ಉಳಿದ ನಾವು ಹೊರಗೆ ಅವರ ಊಟದ ಏರ್ಪಾಟನ್ನು ನೋಡಿಕೊಳ್ಳೋಣ.